ಮೇಜಿನ ಮೇಲೆ ಸ್ಯಾಂ-ವೆರಾಂ: ಆರನೇ ವಾರ, ಕಿತ್ತು ಮತ್ತೆ ಕಟ್ಟಿದ್ದು

ಹೋದ ವಾರ ಅಂಟಿಸಿದ್ದ ನಾಲ್ಕು ಮನೆಗಳನ್ನು ಈ ವಾರ ಕಿತ್ತೆ. ಎರಡು ಹಾಗೇ ಬಂದವು. ಮೂರನೆಯದರ ತಳ ಹರಿಯಿತು. ನಾಲ್ಕನೆಯದರ ಕಥೆ ಬೇಡ.

ಹೊಸಬರಿಗೆ ಎರಡು ಮಾತು. ನಾನು ಮಾಡುತ್ತಿರುವುದು ಸ್ಯಾಂ-ವೆರಾಂ ಎಂಬ ಹಳ್ಳಿಯ ಮಾದರಿ. ಫ್ರಾನ್ಸಿನ ಆಗ್ನೇಯಕ್ಕೆ, ಇಟಲಿ ಗಡಿಯ ಹತ್ತಿರ, ಆಲ್ಪ್ಸ್‌ನ ಕೇರಾಸ್ ಸೀಮೆಯಲ್ಲಿದೆ. ಎತ್ತರ ಸುಮಾರು 2,040 ಮೀಟರ್. ಅಲ್ಲಿರುವವರು ಮುನ್ನೂರು ಜನವೂ ಇಲ್ಲ. ನನ್ನ ಅಳತೆ 1:87, ಆಟಿಕೆ ರೈಲಿನವರು ಬಳಸುವ ಅಳತೆ. ಹಸು, ಕುರಿ, ಮನುಷ್ಯರ ಗೊಂಬೆಗಳು ಅದರಲ್ಲಿ ರೆಡಿ ಸಿಗುತ್ತವೆ, ಅಷ್ಟೇ. ಇಡೀ ಊರು ಮಾಡಲು ಹೋದರೆ ಮೇಜಲ್ಲ, ಓಣಿಯೇ ಬೇಕು. ಹಾಗಾಗಿ ಎರಡು ಕೇರಿಗಳ ಅಂಚುಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಕಿತ್ತಿದ್ದು ಯಾಕೆ ಅಂದರೆ, ಎಲ್ಲ ಮನೆಗಳನ್ನೂ ಒಂದೇ ಸಾಲಾಗಿ ಒತ್ತಾಗಿ ಕೂರಿಸಿಬಿಟ್ಟಿದ್ದೆ. ಎದುರು ಬೆಟ್ಟದಿಂದ ತೆಗೆದ ಫೋಟೋದಲ್ಲಿ ಹಾಗೇ ಕಾಣುತ್ತದೆ. ಕಳೆದ ಆಗಸ್ಟ್‌ನಲ್ಲಿ ಗ್ರೆನೋಬಲ್‌ನಿಂದ ಅಲ್ಲಿಗೆ ಹೋಗಿದ್ದಾಗ ನಾನೇ ತೆಗೆದ ಚಿತ್ರಗಳನ್ನು ಮತ್ತೆ ನೋಡಿದೆ. ಮಧ್ಯೆ ಮಧ್ಯೆ ಹುಲ್ಲುಗಾವಲು! ಊರು ಐದು ಕೇರಿಗಳಾಗಿ ಒಡೆದುಕೊಂಡಿದೆ. ನಡುವಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ, ಬೆಂಕಿಯ ಭಯಕ್ಕೆ. ಮನೆಗಳ ಮೇಲಿನ ಭಾಗವೆಲ್ಲ ಲಾರ್ಚ್ ಮರ, ಒಳಗೆ ತುಂಬ ಒಣಹುಲ್ಲು. ಒಂದು ಕಿಡಿ ಸಾಕು. ಒಂದು ಕೇರಿ ಉರಿದರೂ ಪಕ್ಕದ್ದು ಉಳಿಯಲಿ ಅಂತ ಲೆಕ್ಕ. ಅದಕ್ಕೇ ಕೇರಿ ಕೇರಿಗೂ ಅದರದ್ದೇ ನೀರಿನ ತೊಟ್ಟಿ, ಅದರದ್ದೇ ರೊಟ್ಟಿ ಒಲೆ.

ಈಗ ಮೇಜಿನ ನಡುವೆ 30 ಸೆಂ.ಮೀ. ಬರೀ ಹುಲ್ಲು. "ಇಷ್ಟು ಜಾಗ ಸುಮ್ನೆ ಖಾಲಿ ಬಿಟ್ಟಿದ್ದೀಯಲ್ಲ, ಊಟಕ್ಕೆ ಮಾತ್ರ ಮೇಜಿಲ್ಲ ಅಲ್ವಾ?" ಅಂದಳು ಹೆಂಡತಿ. ಅಲ್ಲೇ ತಟ್ಟೆ ಇಟ್ಟುಕೊಂಡು ಉಂಡೆವು.

ಮನೆ ಕಟ್ಟುವುದು ಮಾತ್ರ ಖುಷಿಯ ಕೆಲಸ. ಕೆಳಗೆ ಕಲ್ಲಿನ ಗೋಡೆ, ಮೇಲೆ ದುಂಡು ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚು ಹಾಕಿ ಪೇರಿಸಿದ ಕಣಜ. ಅದಕ್ಕೆ ಅವರು ಫ್ಯೂಸ್ತ್ ಅನ್ನುತ್ತಾರೆ. ನಾನು ಬಳಸಿದ್ದು ಬಾರ್ಬೆಕ್ಯೂ ಕಡ್ಡಿ. ಮೂರು ಮಿ.ಮೀ. ಕಡ್ಡಿ ಅಂದರೆ ನಿಜದಲ್ಲಿ 26 ಸೆಂ.ಮೀ. ದಿಮ್ಮಿ, ಸರಿಹೋಯಿತು. ದಕ್ಷಿಣಕ್ಕೆ ಉದ್ದುದ್ದ ಮರದ ಜಗಲಿಗಳು. ಅವು ಕೂತು ಹರಟೆ ಹೊಡೆಯಲು ಅಲ್ಲ. ಆ ಎತ್ತರದಲ್ಲಿ ಪೈರು ಪೂರ್ತಿ ಬಲಿಯುವ ಮೊದಲೇ ಚಳಿ ಬಂದುಬಿಡುತ್ತಿತ್ತು. ಕೊಯ್ದು ತಂದ ಸಿವುಡುಗಳು ಈ ಜಗಲಿಗಳಲ್ಲಿ ಒಣಗುತ್ತಿದ್ದವು. ಚಳಿಗಾಲದಲ್ಲಿ ಜನ, ದನ ಎಲ್ಲ ಕೆಳಗೆ ಒಂದೇ ಕೋಣೆಯಲ್ಲಿ. ಹಸುವಿನ ಮೈಯೇ ಹೀಟರ್. ಒಂದು ಮನೆಯ ಗೋಡೆಯನ್ನು ತೆಗೆದು ಹಾಕುವಂತೆ ಮಾಡಿದ್ದೇನೆ, ಒಳಗೆ ಎರಡು ಹಸು, ಒಂದು ಮಂಚ ಕಾಣಲಿ ಅಂತ.

ಜಾಸ್ತಿ ತಲೆ ತಿಂದಿದ್ದು ಗೋಡೆಯ ಬಿಸಿಲು ಗಡಿಯಾರ. ಆ ಊರು ಇವುಗಳಿಗೆ ಹೆಸರುವಾಸಿ. 19ನೇ ಶತಮಾನದಲ್ಲಿ ಜಾರ್ಬುಲಾ ಎಂಬ ಇಟಲಿಯ ಕಲಾವಿದ ಈ ಕಣಿವೆಗಳಲ್ಲಿ ಊರೂರು ತಿರುಗಿ ಇಂಥವನ್ನು ಬರೆದ. ಬಣ್ಣಬಣ್ಣದ ಹಕ್ಕಿಗಳು ಅವನ ಗುರುತು. ನಾನು ಕಣ್ಣಳತೆಯಲ್ಲೇ ಗುಂಡುಸೂಜಿ ಚುಚ್ಚಿದ್ದೆ. ನೆರಳು ಎಲ್ಲೆಲ್ಲೋ ಬಿತ್ತು. ಲೆಕ್ಕ ಸುಲಭ ಇತ್ತು: ಊರಿನ ಅಕ್ಷಾಂಶ 44.7 ಡಿಗ್ರಿ. ನೇರ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೂ ಸೂಜಿಗೂ ನಡುವೆ 90ರಲ್ಲಿ ಅದನ್ನು ಕಳೆದಷ್ಟು, ಅಂದರೆ 45.3 ಡಿಗ್ರಿ ಇರಬೇಕು. ಈಗ ಸರಿಯಾಗಿದೆ. ಅಂದಹಾಗೆ ಆಗಸ್ಟ್‌ನಲ್ಲಿ ನನ್ನ ಫೋನಿನಲ್ಲಿ ಸುಮಾರು ಒಂದೂವರೆ ಆಗಿದ್ದಾಗ ಗೋಡೆಯ ಮೇಲೆ ಹನ್ನೆರಡು. ಗೋಡೆ ತಪ್ಪಲ್ಲ. ಫ್ರಾನ್ಸಿನ ಗಡಿಯಾರ ಇನ್ನೂ ಪೂರ್ವದ ಊರುಗಳ ಹೊತ್ತನ್ನು ತೋರಿಸುತ್ತದೆ, ಅದರ ಮೇಲೆ ಬೇಸಿಗೆಗೆಂದು ಒಂದು ಗಂಟೆ ಮುಂದೆ.

ಆ ಉತ್ಸಾಹದಲ್ಲೇ ಡಿಸೆಂಬರ್ 21ರ ಮಧ್ಯಾಹ್ನವನ್ನೂ ನೋಡಿಬಿಡೋಣ ಅನ್ನಿಸಿತು. ಆಗ ಸೂರ್ಯ ಹತ್ತುವುದೇ 22 ಡಿಗ್ರಿ. ಟೇಬಲ್ ಲ್ಯಾಂಪನ್ನು ಹಾಲಿನ ಆ ತುದಿಗೆ ಒಯ್ದು ಆ ಕೋನಕ್ಕೆ ಎತ್ತಿ ಹಿಡಿದೆ. 11.5 ಸೆಂ.ಮೀ. ಎತ್ತರದ ಮನೆಯ ನೆರಳು ಸಮತಟ್ಟು ಹಲಗೆಯ ಮೇಲೆ 28 ಸೆಂ.ಮೀ. ಹೋಗುತ್ತದೆ, ಹಿಂದಿನ ಮನೆಗೆ ಕತ್ತಲು. ಅದೇ ನನ್ನ 20 ಡಿಗ್ರಿ ಇಳಿಜಾರಿನಲ್ಲಿ 15ಕ್ಕೇ ನಿಂತಿತು. ಮೇಲಿನ ಸಾಲಿನ ಜಗಲಿಗೆಲ್ಲ ಬೆಳಕು. ಈ ಕಡಿದಾದ ಇಳಿಜಾರಿನಲ್ಲಿ ಯಾಕಪ್ಪಾ ಊರು ಕಟ್ಟಿದರು ಅಂತ ಥರ್ಮೋಕೋಲ್ ಕೊಯ್ಯುವಾಗೆಲ್ಲ ಬೈದುಕೊಂಡಿದ್ದೆ. ಲ್ಯಾಂಪ್ ಹಿಡಿದು ಹತ್ತು ನಿಮಿಷ ಹಾಗೇ ನಿಂತಿದ್ದೆ, ಕೈ ನೋವು ಬರುವ ತನಕ.

ಗೊಂಬೆಗಳಲ್ಲಿ ಒಬ್ಬ ಮೇಷ್ಟರೂ ಇದ್ದಾನೆ. ಈ ಬೆಟ್ಟಗಳ ರೈತರಲ್ಲಿ ಓದು ಬರಹ ಬಲ್ಲವರು ಚಳಿಗಾಲ ಬಂತೆಂದರೆ ಪಾಠ ಹೇಳಲು ಕೆಳಗಿನ ಊರುಗಳಿಗೆ ಇಳಿಯುತ್ತಿದ್ದರು. ಟೋಪಿಯಲ್ಲಿ ಒಂದು ಗರಿ ಇದ್ದರೆ ಓದು ಬರಹ, ಎರಡಿದ್ದರೆ ಲೆಕ್ಕವೂ ಸೇರಿತು, ಮೂರಿದ್ದರೆ ಲ್ಯಾಟಿನ್ ಕೂಡ. ನನ್ನ ಮೇಷ್ಟರಿಗೆ ದಾರದ ಎಳೆಯಲ್ಲಿ ಮೂರು ಗರಿ ಸಿಕ್ಕಿಸಿದೆ. ಸೀನಿದೆ. ಈಗ ಅವನಿಗೆ ಲ್ಯಾಟಿನ್ ಬರುವುದಿಲ್ಲ.

ಮುಂದಿನ ವಾರ ಮರದ ನೀರಿನ ತೊಟ್ಟಿ, ಆಮೇಲೆ ರೊಟ್ಟಿ ಒಲೆ. ಕೋಳಿಗಳ ಪ್ಯಾಕೆಟ್ ಇನ್ನೂ ಬಂದಿಲ್ಲ. ಸ್ಯಾಂ-ವೆರಾಂನಲ್ಲಿ ಹುಂಜಗಳು ನಕ್ಷತ್ರಗಳನ್ನೇ ಕುಕ್ಕುತ್ತವೆ ಅಂತ ಒಂದು ಮಾತಿದೆ. ಹಾಗಾಗಿ ಒಂದನ್ನಾದರೂ ಮಾಡಿನ ಮೇಲೆ ಕೂರಿಸಲೇಬೇಕು. ಈ ಅಳತೆಯಲ್ಲಿ ಅದು ಐದು ಮಿ.ಮೀ. ಇರುತ್ತದೆ. ಸೀನು ಬಂದರೆ ಮೊದಲು ಬಾಲ್ಕನಿಗೆ ಓಡುತ್ತೇನೆ.