ಸ್ಕಾಟಿಷ್ ಲೀಗ್ ಟೂ: ಹತ್ತು ಮೈದಾನ ನೋಡಲು ಹೊರಡುವವರಿಗೆ

ಸ್ಕಾಟ್ಲೆಂಡಿನ ಲೀಗ್ ಫುಟ್‌ಬಾಲಿನಲ್ಲಿ ನಾಲ್ಕು ಹಂತ, ಒಟ್ಟು 42 ತಂಡ. ಮೇಲಿನ ಪ್ರೀಮಿಯರ್‌ಶಿಪ್‌ನಲ್ಲಿ 12, ಕೆಳಗಿನ ಮೂರರಲ್ಲಿ ಹತ್ತತ್ತು. ಸೆಲ್ಟಿಕ್, ರೇಂಜರ್ಸ್ ಪಂದ್ಯದ ಟಿಕೆಟ್‌ಗೆ ಪರದಾಡುವ ಗ್ಲಾಸ್ಗೋ, ಎಡಿನ್‌ಬರಾದ ನಮ್ಮ ಹುಡುಗರು ತಳದ ಲೀಗ್ ಟೂ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಹದಿನೈದು ಪೌಂಡ್ ಆಸುಪಾಸಿನಲ್ಲಿ ಒಳಗೆ ಹೋಗಬಹುದು, ಬಹುತೇಕ ಕಡೆ ಗೇಟಿನಲ್ಲೇ ಹಣ ಕೊಟ್ಟರಾಯಿತು. ಕೆಲ ನೂರು ಜನರ ನಡುವೆ ನಿಂತರೆ ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಬೈಯುವುದು ಒಂದಕ್ಷರ ಬಿಡದೆ ಕೇಳಿಸುತ್ತದೆ.

2025-26ರ ಹತ್ತು ತಂಡಗಳು ಇವು: ಆನನ್ ಅಥ್ಲೆಟಿಕ್, ಕ್ಲೈಡ್, ಡಂಬಾರ್ಟನ್, ಈಸ್ಟ್ ಕಿಲ್‌ಬ್ರೈಡ್, ಎಡಿನ್‌ಬರಾ ಸಿಟಿ, ಎಲ್ಗಿನ್ ಸಿಟಿ, ಫಾರ್ಫರ್ ಅಥ್ಲೆಟಿಕ್, ಸ್ಪಾರ್ಟನ್ಸ್, ಸ್ಟರ್ಲಿಂಗ್ ಆಲ್ಬಿಯನ್, ಸ್ಟ್ರಾನ್ರಾರ್. ಪ್ರತಿ ವರ್ಷ ಇಬ್ಬರು ಮೂವರು ಬದಲಾಗುತ್ತಾರೆ. ಹಳೇ ಪಟ್ಟಿ ನಂಬಿ ಹೊರಡಬೇಡಿ.

ಮೊದಲು ವೇಳಾಪಟ್ಟಿಯ ಲೆಕ್ಕ. ಪ್ರತಿ ತಂಡ ಉಳಿದ ಒಂಬತ್ತರ ಜೊತೆ ನಾಲ್ಕು ಸಲ ಆಡುತ್ತದೆ. ಹೀಗೆ 36 ಪಂದ್ಯ, ಅದರಲ್ಲಿ 18 ತವರಿನಲ್ಲಿ, 18 ಹೊರಗೆ. ಅಂದರೆ ಒಂದೇ ತಂಡದ ಬೆನ್ನು ಹತ್ತಿದವರಿಗೆ ಪ್ರತಿ ಎದುರಾಳಿಯ ಮೈದಾನ ಋತುವಿನಲ್ಲಿ ಎರಡು ಸಲ ಸಿಗುತ್ತದೆ: ಸರಿಸುಮಾರು ಹೊಸವರ್ಷದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಜೂನ್‌ನಲ್ಲಿ ವೇಳಾಪಟ್ಟಿ ಬಂದ ಕೂಡಲೇ ತೀರಾ ದೂರದ ಎಲ್ಗಿನ್ ಮತ್ತು ಸ್ಟ್ರಾನ್ರಾರ್ ಪಂದ್ಯಗಳನ್ನು ಮೊದಲು ಗುರುತು ಹಾಕಿ. ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದೊಳಗೆ, ಇಲ್ಲವೇ ಏಪ್ರಿಲ್‌ನಲ್ಲಿ ಬಿದ್ದಿದ್ದರೆ ಅವಕ್ಕೇ ಮೊದಲ ಆದ್ಯತೆ. ಹತ್ತಿರದ ಮೈದಾನಗಳನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಜನ ಮಾಡುವುದು ಇದರ ತದ್ವಿರುದ್ಧ. ಹುರುಪಿನಲ್ಲಿ ಹತ್ತಿರದ್ದನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ, ದೂರದ್ದನ್ನು ಚಳಿಗಾಲಕ್ಕೆ ಉಳಿಸಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ಕೆಡುವುದು ಏನು ಎನ್ನುವುದು ಹುಲ್ಲಿನ ಮೇಲೆ ನಿಂತಿದೆ. ಎಲ್ಗಿನ್, ಸ್ಟ್ರಾನ್ರಾರ್, ಡಂಬಾರ್ಟನ್ ಮೈದಾನಗಳಲ್ಲಿ ನಿಜವಾದ ಹುಲ್ಲು. ರಾತ್ರಿ ಹಿಮಗಟ್ಟಿದರೆ ಅಥವಾ ಎರಡು ದಿನ ಬಿಡದೆ ಮಳೆ ಹೊಡೆದರೆ ಪಂದ್ಯ ಮುಂದಕ್ಕೆ ಹೋಗುತ್ತದೆ. ಆನನ್, ಫಾರ್ಫರ್, ಕ್ಲೈಡ್, ಸ್ಪಾರ್ಟನ್ಸ್ ಮೈದಾನಗಳಲ್ಲಿ ಕೃತಕ ಹುಲ್ಲು. ಅಲ್ಲೂ ಪಂದ್ಯ ನಿಲ್ಲುವುದುಂಟು, ಆದರೆ ಬಹಳ ಕಡಿಮೆ. ಆಟದ ಸೊಗಸು ನಿಜವಾದ ಹುಲ್ಲಿನಲ್ಲೇ ಹೆಚ್ಚು ಅನ್ನುವವರ ಮಾತು ಸರಿಯೇ, ಆದರೆ ಜನವರಿಯಲ್ಲಿ ನಿಮಗೆ ಬೇಕಿರುವುದು ಪಂದ್ಯ ನಡೆಯುವ ಮೈದಾನ. ಅನುಮಾನವಿದ್ದ ದಿನ ರೆಫರಿ ಬೆಳಿಗ್ಗೆ ಬಂದು ನೆಲ ಪರೀಕ್ಷೆ ಮಾಡುತ್ತಾರೆ, ಫಲಿತಾಂಶ ಆತಿಥೇಯ ಕ್ಲಬ್ಬಿನ ಸಾಮಾಜಿಕ ಜಾಲತಾಣದಲ್ಲಿ ಬರುತ್ತದೆ. ತೊಡಕು ಏನೆಂದರೆ, ಎಲ್ಗಿನ್‌ಗೆ ಹೋಗುವವರು ಆ ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತಾರೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿವರೆಗೆ ಒಂದೇ ರೈಲಿಗೆ ಕಟ್ಟಿಹಾಕುವ ಅಗ್ಗದ ಮುಂಗಡ ಟಿಕೆಟ್ ಬೇಡ, ಪಂದ್ಯ ರದ್ದಾದರೂ ಆ ಹಣ ವಾಪಸ್ಸಿಲ್ಲ. ಹತ್ತಿರದ ಊರುಗಳಿಗೆ ಅವತ್ತೇ ಕೊಂಡರೂ ಬೆಲೆ ಅಷ್ಟೇ. 2025ರ ಸೆಪ್ಟೆಂಬರ್ 1ರಿಂದ ಸ್ಕಾಟ್‌ರೈಲ್ ದಟ್ಟಣೆ ಹೊತ್ತಿನ ಹೆಚ್ಚುವರಿ ದರವನ್ನು ತೆಗೆದುಹಾಕಿದೆ, ಹಾಗಾಗಿ ವಾರದ ನಡುವಿನ ಸಂಜೆಗಳಿಗೂ ಅದೇ ದರ. ಸ್ಕಾಟ್ಲೆಂಡಿನಲ್ಲೇ ವಾಸವಿದ್ದು 22 ತುಂಬಿರದವರಿಗೆ ಬಸ್ ಪ್ರಯಾಣ ಉಚಿತ, ಕಾರ್ಡ್ ಮಾತ್ರ ಮೊದಲೇ ಮಾಡಿಸಿಕೊಂಡಿರಬೇಕು.

ಮುಂದಕ್ಕೆ ಹೋದ ಪಂದ್ಯ ಹೆಚ್ಚಾಗಿ ಮಂಗಳವಾರ ರಾತ್ರಿ 7.45ಕ್ಕೆ ಬರುತ್ತದೆ. ಮುಗಿಯುವಾಗ ಒಂಬತ್ತೂವರೆ ದಾಟಿರುತ್ತದೆ. ಡಂಬಾರ್ಟನ್‌ಗಾದರೆ ತೊಂದರೆಯಿಲ್ಲ. ಸ್ಟ್ರಾನ್ರಾರ್‌ಗೆ ಕಾರಿಲ್ಲದೆ ಆ ಯೋಚನೆಯೇ ಬೇಡ.

ಸ್ಟ್ರಾನ್ರಾರ್ ಈ ಇಡೀ ಸುತ್ತಾಟದ ಕಗ್ಗಂಟು. ನೈಋತ್ಯ ಮೂಲೆಯ ಬಂದರು ಊರು, 1870ರಲ್ಲಿ ಶುರುವಾದ ಕ್ಲಬ್. ಗ್ಲಾಸ್ಗೋ ಸೆಂಟ್ರಲ್‌ನಿಂದ ಏರ್, ಗರ್ವನ್ ದಾರಿಯಾಗಿ ಎರಡು ಗಂಟೆಗೂ ಹೆಚ್ಚು. ಹಲವು ರೈಲುಗಳಿಗೆ ಏರ್‌ನಲ್ಲಿ ಬದಲಿಸಬೇಕು. ದಿನಕ್ಕೆ ಓಡುವುದೇ ಕೆಲವು ರೈಲು. ಹೋಗುವ ರೈಲಿಗಿಂತ ಮೊದಲು ವಾಪಸ್ ರೈಲು ನೋಡಿ. ಮೂರಕ್ಕೆ ಶುರುವಾದ ಪಂದ್ಯ ಮುಗಿಯುವುದು 4.50ರ ಸುಮಾರಿಗೆ, ಸ್ಟೇರ್ ಪಾರ್ಕ್ ಮೈದಾನದಿಂದ ಬಂದರಿನ ಅಂಚಿನ ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷ ನಡಿಗೆ. ಅಲ್ಲಿಗೆ 5.15ರ ಒಳಗೆ ಹೊರಡುವ ರೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ಮಾರ್ಗ ಕೈಕೊಡುವುದೂ ಉಂಟು: 2023ರ ಸೆಪ್ಟೆಂಬರ್‌ನಲ್ಲಿ ಏರ್ ನಿಲ್ದಾಣಕ್ಕೆ ಅಂಟಿಕೊಂಡ ಹಳೇ ಹೋಟೆಲ್ ಕಟ್ಟಡಕ್ಕೆ ಬೆಂಕಿ ಬಿದ್ದು ಸ್ಟ್ರಾನ್ರಾರ್ ರೈಲುಗಳು ತಿಂಗಳುಗಟ್ಟಲೆ ನಿಂತಿದ್ದವು. ಹಿಂದಿನ ದಿನ ರಾತ್ರಿ ಸಂಚಾರ ಸ್ಥಿತಿ ನೋಡಿಕೊಂಡೇ ಮಲಗಿ. ಇನ್ನೊಂದು ವಿಷಯ, ಐರ್ಲೆಂಡಿನ ಹಡಗುಗಳು 2011ರಿಂದ ಊರಾಚೆಯ ಕೇರ್ನ್‌ರಯನ್‌ನಿಂದ ಹೊರಡುತ್ತಿವೆ. ಪಂದ್ಯ ಮುಗಿಸಿ ನಿಲ್ದಾಣದ ಪಕ್ಕದಿಂದಲೇ ಹಡಗು ಹತ್ತಬಹುದೆಂದುಕೊಳ್ಳಬೇಡಿ.

ಎಲ್ಗಿನ್ ದೂರ, ಆದರೆ ಅಷ್ಟು ತೊಡಕಿಲ್ಲ. ಅಬರ್ಡೀನ್–ಇನ್ವರ್ನೆಸ್ ಮಾರ್ಗದಲ್ಲಿದೆ: ಇನ್ವರ್ನೆಸ್‌ನಿಂದ ಮುಕ್ಕಾಲು ಗಂಟೆ, ಅಬರ್ಡೀನ್‌ನಿಂದ ಒಂದೂವರೆ. ಎಡಿನ್‌ಬರಾದಿಂದ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ ಒಂದೇ ದಿನ ಕೂರುವ ಬದಲು ಇನ್ವರ್ನೆಸ್‌ನಲ್ಲಿ ಒಂದು ರಾತ್ರಿ ತಂಗುವುದೇ ಜಾಣತನ. ನಿಲ್ದಾಣ ಊರಿನ ದಕ್ಷಿಣಕ್ಕೆ, ಬರೋ ಬ್ರಿಗ್ಸ್ ಮೈದಾನ ಉತ್ತರಕ್ಕೆ. ನಡುವೆ ಪೇಟೆ ದಾಟಿ ಸುಮಾರು ಇಪ್ಪತ್ತೈದು ನಿಮಿಷ. ಬೇಗ ಬಂದರೆ ಪಾಳುಬಿದ್ದ ಕೆಥೀಡ್ರಲ್ ನೋಡಿಬಿಡಿ.

ಫಾರ್ಫರ್ ಮೈದಾನದ ಹೆಸರು ಸ್ಟೇಷನ್ ಪಾರ್ಕ್, ಊರಲ್ಲಿ ಸ್ಟೇಷನ್ನೇ ಇಲ್ಲ. ಪ್ರಯಾಣಿಕರ ರೈಲು 1967ರಲ್ಲೇ ನಿಂತಿತು. ಡಂಡೀವರೆಗೆ ರೈಲು, ಅಲ್ಲಿಂದ ಹತ್ತು ನಿಮಿಷ ನಡೆದರೆ ಬಸ್ ನಿಲ್ದಾಣ, ಆಮೇಲೆ ಮುಕ್ಕಾಲು ಗಂಟೆಯ ಬಸ್. ರೈಲು ಮತ್ತು ಬಸ್ಸಿನ ನಡುವೆ ಅರ್ಧ ಗಂಟೆ ಬಿಡುವಿರಲಿ.

ಆನನ್‌ಗೆ ಗ್ಲಾಸ್ಗೋದಿಂದ ಡಂಫ್ರೀಸ್ ದಾರಿಯ ನಿಧಾನದ ರೈಲಿದೆ. ಎಡಿನ್‌ಬರಾದವರು ಇಂಗ್ಲೆಂಡಿನ ಕಾರ್ಲೈಲ್‌ಗೆ ಇಳಿದು ಅಲ್ಲಿಂದ ಇಪ್ಪತ್ತು ನಿಮಿಷ ಹಿಂದಕ್ಕೆ ಬರುವುದು ವಾಸಿ. ಗ್ರೆಟ್ನಾ ಕ್ಲಬ್ ದಿವಾಳಿಯೆದ್ದ ಮೇಲೆ 2008ರಲ್ಲಿ ಆ ಜಾಗಕ್ಕೆ ಬಂದ ತಂಡ ಆನನ್.

ಉಳಿದವು ಸುಲಭ, ಆದರೂ ಎಡವಲು ಜಾಗವಿದೆ. ಕ್ಲೈಡ್ ನೋಡಲು ಕಂಬರ್ನಾಲ್ಡ್‌ನ ಬ್ರಾಡ್‌ವುಡ್‌ಗೆ ಹೋಗುವವರು ಈಗಲೂ ಸಿಗುತ್ತಾರೆ. ಕ್ಲೈಡ್ 2022ರಲ್ಲೇ ಹ್ಯಾಮಿಲ್ಟನ್‌ನ ನ್ಯೂ ಡಗ್ಲಾಸ್ ಪಾರ್ಕ್‌ಗೆ ಬಂದಾಗಿದೆ. ತಮಾಷೆಯೆಂದರೆ 2025ರಲ್ಲಿ ಹ್ಯಾಮಿಲ್ಟನ್ ತಂಡವೇ ಬ್ರಾಡ್‌ವುಡ್‌ಗೆ ಹೊರಟುಹೋಯಿತು. ಇಳಿಯಬೇಕಾದ್ದು ಹ್ಯಾಮಿಲ್ಟನ್ ವೆಸ್ಟ್ ನಿಲ್ದಾಣದಲ್ಲಿ, ಹ್ಯಾಮಿಲ್ಟನ್ ಸೆಂಟ್ರಲ್‌ನಲ್ಲಲ್ಲ. ಹಾಗೆಯೇ ಡಂಬಾರ್ಟನ್‌ಗೆ ಡಂಬಾರ್ಟನ್ ಈಸ್ಟ್. ಕೋಟೆಬಂಡೆಯ ಬುಡದಲ್ಲೇ ಮೈದಾನ, ಗ್ಯಾಲರಿ ಒಂದೇ ಬದಿಗೆ, ನದಿ ಕಡೆಯಿಂದ ಗಾಳಿ. ನೋಟಕ್ಕೆ ಹತ್ತರಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಸ್ಕಾಟಿಷ್ ಲೀಗ್‌ನ ಮೊದಲ ಪ್ರಶಸ್ತಿಯನ್ನು 1891ರಲ್ಲಿ ರೇಂಜರ್ಸ್ ಜೊತೆ ಹಂಚಿಕೊಂಡದ್ದು ಇದೇ ಡಂಬಾರ್ಟನ್, ಮರುವರ್ಷ ಒಂಟಿಯಾಗಿಯೇ ಗೆದ್ದಿತು. ಸ್ಟರ್ಲಿಂಗ್‌ನ ಫೋರ್ತ್‌ಬ್ಯಾಂಕ್ ಮೈದಾನ ರೈಲು ನಿಲ್ದಾಣದಿಂದ ಅರ್ಧ ಗಂಟೆಗೂ ಹೆಚ್ಚು ನಡಿಗೆ, ಮಳೆಯಲ್ಲಾದರೆ ಟ್ಯಾಕ್ಸಿ ಹಿಡಿಯಿರಿ. ಈಸ್ಟ್ ಕಿಲ್‌ಬ್ರೈಡ್‌ನ ಕೆ-ಪಾರ್ಕ್ ಕೂಡ ರೈಲು ನಿಲ್ದಾಣದಿಂದ ದೂರ. ಸ್ಪಾರ್ಟನ್ಸ್‌ನ ಏನ್ಸ್ಲಿ ಪಾರ್ಕ್‌ಗೆ ಎಡಿನ್‌ಬರಾದ ಸಿಟಿ ಬಸ್ಸೇ ಗತಿ. ಎಡಿನ್‌ಬರಾ ಸಿಟಿ ಆಡುವ ಮೆಡೋಬ್ಯಾಂಕ್‌ಗೆ ವೇವರ್ಲಿ ರೈಲು ನಿಲ್ದಾಣದಿಂದ ಅರ್ಧ ಗಂಟೆ ನಡೆದೇ ಹೋಗಬಹುದು. ಅಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಆಟ ದೂರವೆನಿಸುತ್ತದೆ. ಹತ್ತರಲ್ಲಿ ಸಪ್ಪೆ ಅನಿಸುವ ಮೈದಾನ ಅದೊಂದೇ.

ಊಟದ ಬಗ್ಗೆ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಸ್ಕಾಚ್ ಪೈ ಎಂದರೆ ಕುರಿ ಅಥವಾ ದನದ ಮಾಂಸ. ಫಾರ್ಫರ್‌ನ ಹೆಸರಾಂತ ಬ್ರೈಡಿ ಎಂಬ ತಿನಿಸಿನೊಳಗೆ ದನದ ಕೊಚ್ಚಿದ ಮಾಂಸ. ಬಿಸಿಬಿಸಿಯಾಗಿ ಕುಡಿಯುವ ಬೋವ್ರಿಲ್ ದನದ ಮಾಂಸದ ಸತ್ವ, ಚಹಾ ಬಣ್ಣದ ಅದನ್ನು ಕೇಳದೆ ಕೈಗೆ ತೆಗೆದುಕೊಳ್ಳಬೇಡಿ. ಮ್ಯಾಕರೋನಿ ಪೈ ಇದ್ದರೆ ಅದೇ ಆಧಾರ, ಆದರೆ ವಿರಾಮದ ಹೊತ್ತಿಗೆ ಮುಗಿದಿರುತ್ತದೆ. ಪಂದ್ಯ ಶುರುವಾಗುವ ಮೊದಲೇ ಕೊಳ್ಳಿ. ಚಿಪ್ಸ್ ಯಾವುದರಲ್ಲಿ ಕರಿದದ್ದು ಎಂದು ಕೇಳಿ, ದನದ ಕೊಬ್ಬಿನಲ್ಲಿ ಕರಿಯುವವರಿದ್ದಾರೆ. ಚೀಲದಲ್ಲಿ ಎರಡು ಚಪಾತಿ ಸುರುಳಿ ಇಟ್ಟುಕೊಂಡರೆ ನಿಶ್ಚಿಂತೆ, ಗಾಜಿನ ಬಾಟಲಿ ಮಾತ್ರ ಒಯ್ಯುವಂತಿಲ್ಲ. 1980ರ ಸ್ಕಾಟಿಷ್ ಕಪ್ ಫೈನಲ್ ಗಲಾಟೆಯ ನಂತರ ಪ್ರೇಕ್ಷಕರ ಜಾಗದಲ್ಲಿ ಮದ್ಯ ಮಾರುವುದಿಲ್ಲ.

ಡಿಸೆಂಬರ್‌ನಲ್ಲಿ ಮೂರು ಮುಕ್ಕಾಲರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ದ್ವಿತೀಯಾರ್ಧ ಪೂರ್ತಿ ದೀಪದಡಿ. ಚಳಿ ಕಾಂಕ್ರೀಟಿನಿಂದ ಪಾದಕ್ಕೆ ಏರುತ್ತದೆ. ದಪ್ಪ ಅಡಿಯ ಬೂಟು, ಉಣ್ಣೆ ಕಾಲುಚೀಲ ಬೇಕು. ಹತ್ತಿ ಜೀನ್ಸ್ ಒದ್ದೆಯಾದರೆ ಒಣಗದು. ಛತ್ರಿ ಬಿಟ್ಟು ಟೋಪಿಯಿರುವ ಮಳೆ ಕೋಟು ತನ್ನಿ, ಗಾಳಿಗೆ ಛತ್ರಿ ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಎರಡೂ ಕಡೆಯ ಬೆಂಬಲಿಗರು ಒಟ್ಟಿಗೇ ನಿಲ್ಲುತ್ತಾರೆ. ನಿಂತು ನೋಡುವ ಮೆಟ್ಟಿಲಿರುವ ಕಡೆ ವಿರಾಮದಲ್ಲಿ ತಮ್ಮ ತಂಡ ಗೋಲು ಹೊಡೆಯುವ ತುದಿಗೆ ಗುಂಪು ಸರಿಯುತ್ತದೆ, ನೀವೂ ಸರಿಯಿರಿ.

ಒಂದೇ ಸಲ ಬರಲು ಆಗುವವರಿಗೆ ಮೇ ತಿಂಗಳು ಸೂಕ್ತ. ಅಗ್ರಸ್ಥಾನದ ತಂಡ ನೇರ ಲೀಗ್ ಒನ್‌ಗೆ ಏರುತ್ತದೆ. 2ರಿಂದ 4ನೇ ಸ್ಥಾನದವರು ಲೀಗ್ ಒನ್‌ನ 9ನೇ ತಂಡದ ಜೊತೆ ಅಲ್ಲಿನ ಇನ್ನೊಂದು ಜಾಗಕ್ಕಾಗಿ ಪ್ಲೇಆಫ್ ಎಂಬ ನಿರ್ಣಾಯಕ ಪಂದ್ಯಗಳನ್ನು ಆಡುತ್ತಾರೆ. ಕೊನೆಯ ತಂಡ ಈ ನಾಲ್ಕು ಹಂತಗಳ ಕೆಳಗಿನ ಪ್ರಾದೇಶಿಕ ಲೀಗ್‌ಗಳಿಂದ ಬಂದ ತಂಡದ ವಿರುದ್ಧ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ಕೌಡನ್‌ಬೀತ್ 2022ರಲ್ಲಿ, ಆಲ್ಬಿಯನ್ ರೋವರ್ಸ್ 2023ರಲ್ಲಿ ಹೀಗೇ ಹೊರಬಿದ್ದವು. ಇಳಿಜಾರು ಮೈದಾನ ಸರಿಪಡಿಸದ್ದಕ್ಕೆ 6 ಅಂಕ ಕಳೆದುಕೊಂಡಿದ್ದ ಬಾನಿರಿಗ್ ರೋಸ್ ತಂಡವನ್ನು 2025ರಲ್ಲಿ ಹೊರದಬ್ಬಿ ಒಳಬಂದದ್ದೇ ಈಸ್ಟ್ ಕಿಲ್‌ಬ್ರೈಡ್. ಈ ಪಂದ್ಯಗಳಿಗೆ ಮಾತ್ರ ಗೇಟಿನ ಮೇಲೆ ಭರವಸೆಯಿಡದೆ ದಿನಾಂಕ ಪ್ರಕಟವಾದ ಕೂಡಲೇ ಟಿಕೆಟ್ ಕೊಳ್ಳಿ. ತಂಡಗಳು ಯಾವುವೆಂಬುದು ಕೆಲವೇ ದಿನ ಮುಂಚೆ ಗೊತ್ತಾಗುವುದರಿಂದ ತಂಗುವ ಕೋಣೆಯನ್ನು ಗ್ಲಾಸ್ಗೋದಲ್ಲಿ ಹಿಡಿಯಿರಿ. ಎಲ್ಗಿನ್ ಬಿಟ್ಟರೆ ಹೆಚ್ಚಿನ ಕಡೆಗೆ ಅಲ್ಲಿಂದ ಹೋಗಿ ಬರಬಹುದು.