ಮನಾಲಿಯಲ್ಲಿ ಹಿಮ ಬಿದ್ದ ದಿನ: ಟ್ಯಾಕ್ಸಿ ಬಿಡಿ, ಸ್ಟೀಲ್ ಲೋಟ ಹಿಡಿಯಿರಿ

ಮನಾಲಿಯಿಂದ ಸಿಸ್ಸು ಅನ್ನುವ ಹಳ್ಳಿಗೆ ಅಂತ ನಾಲ್ಕೂವರೆ ಸಾವಿರಕ್ಕೆ ಟ್ಯಾಕ್ಸಿ ಮಾಡಿಕೊಂಡಿದ್ದೆವು. ದಾರಿಯಲ್ಲಿ ಸಿಗುವ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಕಥೆ ಹೇಳಿ ಮಕ್ಕಳನ್ನು ಆರಕ್ಕೇ ಎಬ್ಬಿಸಿದ್ದೆ. ರಾತ್ರಿಯಿಡೀ ಹಿಮ ಬಿದ್ದಿತ್ತು. "ರಸ್ತೆ ಓಪನ್ ಇದೆ ಮೇಡಂ" ಅಂದ ಡ್ರೈವರ್. ನೆಹರೂ ಕುಂಡದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಹೊಸ ಹಿಮ ಬಿದ್ದಾಗ ಅಲ್ಲಿಂದ ಮುಂದೆ ಸಾಮಾನ್ಯವಾಗಿ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿಗಳನ್ನಷ್ಟೇ ಬಿಡುತ್ತಾರಂತೆ. ದಿನಾ ಅದೇ ರಸ್ತೆಯಲ್ಲಿ ಓಡಾಡುವವನಿಗೆ ಇದು ಗೊತ್ತಿರಲಿಲ್ಲವೇ? ದುಡ್ಡು ವಾಪಸ್ ಕೇಳಿದ್ದಕ್ಕೆ ವೇಟಿಂಗ್, ಡೀಸೆಲ್ ಅಂತ ಲೆಕ್ಕ ಹೇಳಿ ಒಂದು ಸಾವಿರ ಕೈಗಿಟ್ಟ. ಮುಂಗಡ ಪೂರ್ತಿ ಕೊಟ್ಟದ್ದು ನಮ್ಮದೇ ತಪ್ಪು.

ಅಷ್ಟರೊಳಗೆ ಅವನೇ ತೋರಿಸಿದ ಅಂಗಡಿಯಲ್ಲಿ ಕೋಟು, ಗಂಬೂಟು ಬಾಡಿಗೆ ಹಿಡಿದಾಗಿತ್ತು, ತಲೆಗೆ ನಾನೂರು. ಮಗನಿಗೆ ಕೊಟ್ಟ ಬೂಟಿನಲ್ಲಿ ಹಿಂದಿನ ದಿನದ ಮಗುವಿನ ತೇವ ಇನ್ನೂ ಆರಿರಲಿಲ್ಲ. ಕೈ ಒಳಗೆ ಹಾಕಿ ನೋಡದೆ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಕಾಲುಚೀಲದ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿ ಬೂಟು ಹಾಕಿದರೆ ಎರಡು ಗಂಟೆ ಪಾದ ಒಣಗಿರುತ್ತದೆ. ಉಣ್ಣೆಯ ಗ್ಲೌಸ್ ಹತ್ತೇ ನಿಮಿಷದಲ್ಲಿ ನೆನೆದು ಹಿಂಡುವ ಹಾಗಾಗುತ್ತದೆ. ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಸಿ. ಚಂದ ಕಾಣುವುದಿಲ್ಲ, ಆದರೆ ಬೆರಳು ಮರಗಟ್ಟುವುದಿಲ್ಲ.

ಅಳುಮುಖದ ಇಬ್ಬರನ್ನೂ ಕರೆದುಕೊಂಡು ಮನಾಲಿಯಲ್ಲೇ ಇರುವ ಢುಂಗ್ರಿಗೆ ಹೋದೆವು. ಹಿಡಿಂಬಾ ಗುಡಿ 1553ರದು, ಮರದ ಕೆತ್ತನೆ ನಿಜಕ್ಕೂ ನೋಡುವಂಥದ್ದು. ಆದರೆ ಹತ್ತು ಗಂಟೆಯ ಮೇಲೆ ಅಲ್ಲಿ ಜಾತ್ರೆ. ಯಾಕ್ (ಚಮರೀಮೃಗ) ಮೇಲೆ ಕೂರಿಸುವವರು, ಮೊಲ ಕೈಗೆ ಕೊಟ್ಟು ಫೋಟೋಕ್ಕೆ ದುಡ್ಡು ಕೇಳುವವರು. ನನಗೆ ಗದ್ದಲ ಆಗುವುದಿಲ್ಲ. ಗುಡಿಯ ಪಕ್ಕದ ದೇವದಾರು ಕಾಡಿಗೆ ನೂರು ಹೆಜ್ಜೆ ನಡೆಯಿರಿ ಸಾಕು, ಯಾರೂ ಇರುವುದಿಲ್ಲ.

ಅಲ್ಲಿ ಮೂರು ಗಂಟೆ ಕಳೆದೆವು, ಒಂದು ರೂಪಾಯಿ ಖರ್ಚಿಲ್ಲ. ಹಿಮ ಸಣ್ಣಗೆ ಉದುರುತ್ತಿತ್ತು. ಮಗಳು ತನ್ನ ಕಪ್ಪು ಶಾಲು ಚಾಚಿ ನಿಂತಳು. ಒಂದೊಂದು ಹರಳೂ ಆರು ಮೂಲೆಯದು, ನಮ್ಮ ಬಾಗಿಲ ಮುಂದಿನ ರಂಗೋಲಿಯನ್ನು ಸಾಸಿವೆಯಷ್ಟಕ್ಕೆ ಇಳಿಸಿದ ಹಾಗೆ. ಶಾಲನ್ನು ಮೊದಲು ಹೊರಗೇ ತಣ್ಣಗಾಗಲು ಬಿಡಬೇಕು, ಮೈಮೇಲಿಂದ ತೆಗೆದ ಕೂಡಲೇ ಹಿಡಿದರೆ ಬಿದ್ದದ್ದೆಲ್ಲ ನೀರು. ಆಮೇಲೆ ಹೆಜ್ಜೆಗುರುತು ಹುಡುಕುವ ಆಟ. ಹಕ್ಕಿಯದೊಂದು ಸಾಲು ನಡುವೆ ಥಟ್ಟನೆ ನಿಂತಿತ್ತು, ಎರಡೂ ಕಡೆ ರೆಕ್ಕೆ ಗೀರಿದ ಗೆರೆ. "ಇಲ್ಲಿಂದ ಹಾರಿದೆ ಅಮ್ಮಾ!" ಅಂತ ಮಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಒಂದು ಎಚ್ಚರಿಕೆ. ಬಿಸಿಲು ಬಂದ ಮೇಲೆ ದೇವದಾರಿನ ಕೊಂಬೆಗಳು ಹೊತ್ತ ಹಿಮವನ್ನು ಒಮ್ಮೆಲೇ ಕೆಡವುತ್ತವೆ. ಅದು ಹತ್ತಿಯಲ್ಲ, ಮೂಟೆ. ಮಕ್ಕಳನ್ನು ಕೊಂಬೆಯ ಕೆಳಗೆ ನಿಲ್ಲಿಸಬೇಡಿ. ಬಿಸಿಲಿಗೆ ಹಿಮ ಕಣ್ಣು ಕುಕ್ಕುತ್ತದೆ, ಕಪ್ಪು ಕನ್ನಡಕ ಮಕ್ಕಳಿಗೂ ಬೇಕು.

ಹಸಿವಾದಾಗ ಸಿಕ್ಕಿದ್ದು ಇಳಿಜಾರಿನ ಓಣಿಯಲ್ಲಿ ಬೋರ್ಡೂ ಇಲ್ಲದ ನಾಲ್ಕು ಬೆಂಚಿನ ಅಂಗಡಿ. ಅಲ್ಲಿ ಸಿಡ್ಡು ತಿನ್ನಲೇಬೇಕು. ಹುಳಿ ಬರಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಕೇಳಿದ ಮೇಲೆ ಬೇಯಿಸುವುದು, ಅರ್ಧ ಗಂಟೆ ಕಾಯಬೇಕು. ನಡುವೆ ಕಟ್ಟಿಗೆಯ ಕಬ್ಬಿಣದ ಒಲೆ, ಅದರ ಸುತ್ತ ನಮ್ಮ ಎಂಟು ಕಾಲುಚೀಲ ಒಣಹಾಕಲು ಆ ಅಮ್ಮನೇ ಹಗ್ಗ ಕಟ್ಟಿಕೊಟ್ಟರು. ತಟ್ಟೆ ಬಂದಾಗ ಸಿಡ್ಡುವಿನ ನಡುವೆ ಸೀಳಿ, ಬೇಡ ಅಂದರೂ ಕೇಳದೆ ತುಪ್ಪ ಸುರಿದರು, ಪಕ್ಕಕ್ಕೆ ಹಸಿರು ಚಟ್ನಿ. "ಅಜ್ಜಿಯ ಕಡುಬು" ಅಂದ ಮಗ. ಊಟಕ್ಕೆ ಹಟ ಮಾಡುವವನು ಒಂದೂವರೆ ತಿಂದ. ಒಂದಕ್ಕೆ ಎಂಬತ್ತು ರೂಪಾಯಿ.

ಹತ್ತಿರದ ಸೋಲಂಗ್ ಕಣಿವೆಗೂ ಒಂದು ದಿನ ಹೋದೆವು. ಟಯರ್ ಟ್ಯೂಬಿನಲ್ಲಿ ಒಂದು ಸಲ ಜಾರಿಸಲು ಐನೂರು ಕೇಳಿದರು, ಅಷ್ಟೇ ಹೇಳುತ್ತೇನೆ.

ಸಂಜೆ ರೂಮಿನಲ್ಲಿ ಸ್ಟೀಲ್ ಲೋಟದ ತುಂಬ ಹೊಸ ಹಿಮ ತಂದು, ಒತ್ತದೆ ಹೀಟರ್ ಮುಂದೆ ಇಟ್ಟೆವು. ಕರಗಿದಾಗ ತಳದಲ್ಲಿ ಒಂದು ಬೆರಳಿನಷ್ಟು ನೀರು. ಹೊಸ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ ಅಂತ ವಿವರಿಸಿದೆ. ಮಗಳು ಲೋಟ ಬಗ್ಗಿಸಿ ನೋಡಿ, "ಇದೂ ಟ್ಯಾಕ್ಸಿ ಅಂಕಲ್ ಥರಾನೇ" ಅಂದಳು.