‘ಈ ವಯಸ್ಸಲ್ಲೂ ಬಿಟ್ಟಿಲ್ವಾ ಡಾಕ್ಟ್ರೇ?’

ಮದುವೆ ಮನೆ, ವೈಕುಂಠ ಸಮಾರಾಧನೆ, ಬಸ್ ಸ್ಟ್ಯಾಂಡು, ಸೊಸೈಟಿ ಕ್ಯೂ. ಎಲ್ಲಿ ಸಿಕ್ಕರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ‘ಡಾಕ್ಟ್ರೇ, ಅರವತ್ತೆಂಟಾಯ್ತಲ್ಲ. ಇನ್ನೂ ಬಿಟ್ಟಿಲ್ವಾ?’ ಏನನ್ನು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹೆಬ್ಬೆರಳನ್ನು ಬಾಯಿ ಕಡೆ ತಿರುಗಿಸಿ ತೋರಿಸುತ್ತಾರೆ.

ಕೇಳುವವರಲ್ಲಿ ಎರಡು ಥರ. ಕೆಲವರಿಗೆ ನಾನು ‘ಬಿಟ್ಟೆ’ ಅನ್ನಬೇಕು. ಮನೆಗೆ ಹೋಗಿ ಗಂಡನಿಗೋ ಮಗನಿಗೋ ಚುಚ್ಚಲು ಒಂದು ಉದಾಹರಣೆ ಸಿಗುತ್ತದೆ. ಇನ್ನು ಕೆಲವರಿಗೆ ‘ಬಿಟ್ಟಿಲ್ಲ’ ಅನ್ನಬೇಕು. ಆಗ ಅವರೂ ಧೈರ್ಯವಾಗಿ ಮುಂದುವರಿಸಬಹುದು. ನಿಂತಲ್ಲೇ ಒಂದು ಮಾತಲ್ಲಿ ಹೇಳಿದರೆ ಇಬ್ಬರಿಗೂ ಮೋಸ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಹೊರಗೆ ಆಶ್ಲೇಷ ಮಳೆ ಹೊಯ್ಯುತ್ತಿದೆ. ಬೇರೆ ಕೆಲಸವೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಪಶುಸಂಗೋಪನೆ ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿ ಸೇರಿ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ 34 ವರ್ಷ ದನಗಳ ಹಿಂದೆ ಅಲೆದವನು. ಕೈಯಲ್ಲಿ ಬ್ಯಾಗು, ಬ್ಯಾಗಲ್ಲಿ ಸಿರಿಂಜು ಕಂಡರೆ ಸಾಕು, ನಮ್ಮ ಕಡೆ ಯಾರನ್ನೂ ಡಾಕ್ಟ್ರೇ ಅನ್ನುತ್ತಾರೆ. ಹಠ ಮಾಡುವ ಎಮ್ಮೆಯ ಬಾಯಿಗೆ ಗೊಟ್ಟ, ಅಂದರೆ ಬಿದಿರಿನ ಕೊಳವೆ, ಇಟ್ಟು ಔಷಧಿ ಕುಡಿಸುವುದರಲ್ಲಿ ನನ್ನ ಕೈ ಪಳಗಿತ್ತು. ನನಗೆ ಕುಡಿಸಲು ಮಾತ್ರ ಯಾರಿಗೂ ಗೊಟ್ಟ ಬೇಕಾಗಲಿಲ್ಲ.

ಅದಕ್ಕೆ ಕಾರಣ ಇದೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಜಗಲಿ ಮೇಲೆ ಕಾಲಿಟ್ಟ ಕೂಡಲೇ ಒಂದು ಚೊಂಬು ನೀರು, ಪಕ್ಕದಲ್ಲಿ ಬೆಲ್ಲದ ಚೂರು. ಹವ್ಯಕರ ಮನೆಯಲ್ಲಾದರೆ ‘ಆಸರಿಗೆ ಬೇಕಾ?’ ಅನ್ನುತ್ತಿದ್ದರು. ಬಾಯಾರಿಕೆಗೆ ಏನು ಕೊಡೋಣ ಅಂತ ಅರ್ಥ. ಬೇಡ ಅಂದರೂ ಬರುತ್ತಿತ್ತು. ಒಂದು ಮನೆಯಲ್ಲಿ ಕಷಾಯ, ಇನ್ನೊಂದರಲ್ಲಿ ಕಾಫಿ, ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಶರಬತ್ತು, ಊಟದ ಹೊತ್ತಾದರೆ ಮಾವಿನಕಾಯಿಯ ಅಪ್ಪೆಹುಳಿ. ಕೆಲವು ಮನೆಗಳಲ್ಲಿ ಹಿತ್ತಲ ಕಡೆ ಕರೆದು, ದನಿ ತಗ್ಗಿಸಿ, ಬಗನಿ ಮರದ ಕಳ್ಳು. ಬೆಳಿಗ್ಗೆ ಇಳಿಸಿದ್ದಾದರೆ ಎಳನೀರಿನ ಹಾಗೆ ಸಿಹಿ, ಮಧ್ಯಾಹ್ನಕ್ಕೆ ಹುಳಿ. ಸಂಜೆಯದ್ದನ್ನು ಕುಡಿದು ಸೈಕಲ್ ಹತ್ತಬಾರದು. ಯಾಕೆ ಹತ್ತಬಾರದು ಅನ್ನುವುದನ್ನು ಯಡೂರು ಕಡೆಯ ಒಂದು ಗದ್ದೆಯಲ್ಲಿ ಸೈಕಲ್ ಸಮೇತ ಕಲಿತಿದ್ದೇನೆ.

ಸರಿ, ಪ್ರಶ್ನೆಗೆ ಬರೋಣ. ಬಿಟ್ಟಿಲ್ಲ. ವಾರಕ್ಕೊಂದು ಸಲ, ಶನಿವಾರ ಸಂಜೆ, 30 ಎಂಎಲ್ ರಮ್ಮು. ಶನಿವಾರ ಯಾಕೆ ಅಂದರೆ ಭಾನುವಾರ ಮಗ ಬೆಂಗಳೂರಿಂದ ವಿಡಿಯೋ ಕಾಲ್ ಮಾಡುತ್ತಾನೆ. ಆ ದಿನ ಮುಖ ಸ್ವಚ್ಛ ಇರಬೇಕು.

ಈ 30 ಎಂಎಲ್ ಕಣ್ಣಂದಾಜಿನದ್ದಲ್ಲ. ರಿಟೈರ್ ಆಗುವಾಗ ಆಸ್ಪತ್ರೆಯ ಕಪಾಟಿನಲ್ಲಿ ಅಂಚು ಒಡೆದ ಒಂದು ಔನ್ಸ್ ಗ್ಲಾಸ್ ಮೂಲೆಗೆ ಬಿದ್ದಿತ್ತು. ಲೆಕ್ಕದಿಂದ ಕೈಬಿಟ್ಟ ಸಾಮಾನು. ಕೇಳಿ ತಂದುಕೊಂಡೆ. ದಪ್ಪ ಗಾಜು, ಮೈ ಮೇಲೆ ಗೆರೆಗಳು, ಅದರ ಪಕ್ಕ ಅಂಕಿ ಅರ್ಧ ಅಳಿಸಿದೆ. ಶನಿವಾರ ಏಳೂವರೆಗೆ ಅದನ್ನು ಜಗಲಿಯ ಕಟ್ಟೆ ಮೇಲಿಟ್ಟು, ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಹೊಯ್ಯುತ್ತೇನೆ. ಕರುವಿನ ಜಂತಿನ ಔಷಧಿಯನ್ನು ಅಳೆದ ಹಾಗೇ. ಆಮೇಲೆ ದೊಡ್ಡ ಲೋಟಕ್ಕೆ ಸುರಿದು, ಅದರ ಮೂರರಷ್ಟು ಬಿಸಿನೀರು, ಒಂದು ಲವಂಗ. ಹೆಂಡತಿ ಅಡುಗೆ ಮನೆಯಿಂದಲೇ ಕೇಳುತ್ತಾಳೆ, ‘ಆಯ್ತಾ ದನದ ಡೋಸು?’ ನೆಂಚಿಕೊಳ್ಳಲು ಹಲಸಿನ ಹಪ್ಪಳ ಬರುತ್ತದೆ. ಬಯ್ಗುಳ ಎಷ್ಟೇ ಇದ್ದರೂ ಹಪ್ಪಳ ತಪ್ಪಿಲ್ಲ.

ಮುಂಚೆ ಹೀಗಿರಲಿಲ್ಲ. ಸರ್ವೀಸಲ್ಲಿದ್ದಾಗ ಒಂದು ಕ್ವಾರ್ಟರ್ ಅಂದರೆ ಒಂದು ಕ್ವಾರ್ಟರ್, 180 ಎಂಎಲ್. ಅಳತೆ ಬದಲಾಗಲು ನಾನೊಂದು ಸಲ ಬೀಳಬೇಕಾಯಿತು. ಮೂರು ವರ್ಷದ ಹಿಂದೆ, ಇದೇ ಮಳೆಗಾಲ. ನೆಂಟರ ಮನೆಯ ಗೃಹಪ್ರವೇಶ. ಹಳೆ ಗೆಳೆಯರು ಸಿಕ್ಕರು, ಹಳೆ ಅಳತೆಯಲ್ಲೇ ಆಯಿತು. ಬಿಪಿ ಮಾತ್ರೆಯನ್ನು ಮರೆಯದೆ ನುಂಗಿದ್ದೆ. ಒಳ್ಳೆಯ ರೋಗಿ ನಾನು. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅಂತ ದಡಕ್ಕನೆ ಎದ್ದೆ. ಅಂಗಳದಲ್ಲಿ ಪಾಚಿ ಜಾರಬಾರದು ಅಂತ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ್ದರು. ದಬ್ಬೆ ಸರಿಯಾಗಿಯೇ ಇತ್ತು, ನನ್ನ ಕಣ್ಣಿಗೆ ಕತ್ತಲೆ ಬಂತು. ಎದ್ದಾಗ ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ. ಎಡಗೈಯಲ್ಲಿ ಊಟ ಮಾಡಿದವರಿಗೇ ಆ ಅವಮಾನ ಗೊತ್ತು.

ಪಟ್ಟಿ ಹಾಕಿದ ಡಾಕ್ಟರು, ಅವರು ನಿಜವಾದ ಡಾಕ್ಟರು, ಬಯ್ಯಲಿಲ್ಲ. ಬಯ್ದಿದ್ದರೆ ನಾನು ಕೇಳುತ್ತಲೂ ಇರಲಿಲ್ಲ. ಅವರು ಹೇಳಿದ್ದು ಹೀಗೆ. ವಯಸ್ಸಾದ ಹಾಗೆ ಮೈಯಲ್ಲಿರುವ ನೀರಿನ ಪಾಲು ಕಮ್ಮಿ ಆಗುತ್ತದೆ. ಮದ್ಯ ಬೆರೆಯುವುದು ನೀರಿಗೆ, ಕೊಬ್ಬಿಗಲ್ಲ. ಹಂಡೆ ಸಾರಿಗೆ ಹಾಕುವ ಉಪ್ಪನ್ನು ತಂಬಿಗೆ ಸಾರಿಗೆ ಹಾಕಿದರೆ ಏನಾಗುತ್ತದೋ ಅದೇ ಆಗುತ್ತದೆ. ಮೂವತ್ತರಲ್ಲಿ ತಡೆದುಕೊಂಡ ಅಳತೆ ಅರವತ್ತೈದರಲ್ಲಿ ಜಾಸ್ತಿ ಏರುತ್ತದೆ. ಮೇಲಿಂದ ಬಿಪಿ ಮಾತ್ರೆ. ಮದ್ಯವೂ ರಕ್ತನಾಳವನ್ನು ಸಡಿಲ ಮಾಡುತ್ತದೆ, ಹಲವು ಬಿಪಿ ಮಾತ್ರೆಗಳೂ ಅದನ್ನೇ ಮಾಡುತ್ತವೆ. ಮಲಗಿದವನು ಒಮ್ಮೆಗೇ ಎದ್ದು ನಿಂತರೆ ತಲೆಗೆ ರಕ್ತ ಸಾಲುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರದ್ದು ಇನ್ನೊಂದು ಕಥೆ. ಲಿವರ್ ಮದ್ಯವನ್ನು ಕರಗಿಸುವ ಗಡಿಬಿಡಿಯಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದನ್ನು ಕಮ್ಮಿ ಮಾಡುತ್ತದೆ. ಖಾಲಿ ಹೊಟ್ಟೆಯಾದರೆ ರಾತ್ರಿ ಸಕ್ಕರೆ ಕುಸಿಯಬಹುದು. ನೋಡಿದವರು ‘ಜಾಸ್ತಿ ಹಾಕಿದ್ದಾನೆ, ಮಲಗಲಿ ಬಿಡಿ’ ಅಂತ ಸುಮ್ಮನಾಗುತ್ತಾರೆ. ನಿದ್ದೆ ಮಾತ್ರೆ ನುಂಗುವವರಂತೂ ಬಾಟಲಿಯ ಕಡೆ ತಿರುಗಿಯೂ ನೋಡಬಾರದು.

ಹಾಗಾದರೆ 30 ಎಂಎಲ್ ಒಳ್ಳೆಯದಾ? ಅಲ್ಲ. ಅದನ್ನೂ ನೇರವಾಗಿ ಹೇಳುತ್ತೇನೆ. ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಅಳತೆ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. 42.8 ಪರ್ಸೆಂಟಿನ ರಮ್ಮಿನ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಅಚ್ಚ ಮದ್ಯ ಇರುತ್ತದೆ. ನಾನದನ್ನು ಔಷಧಿ ಅಂತ ಕುಡಿಯುತ್ತಿಲ್ಲ, ಖುಷಿಗೆ ಕುಡಿಯುತ್ತಿದ್ದೇನೆ. ಔಷಧಿ ಅನ್ನುವವರೇ ಜಾಸ್ತಿ ಕುಡಿಯುವುದು. ನಮ್ಮ ಕಡೆ ‘ಮಳೆಗೆ ಮೈ ಬಿಸಿ ಆಗ್ಬೇಕಲ್ಲ ಮಾರಾಯ್ರೆ’ ಅನ್ನುವುದು ಜೂನಿನಿಂದ ಸೆಪ್ಟೆಂಬರಿನ ತನಕ ದಿನಾ ಕೇಳುವ ಮಾತು. ಚರ್ಮದ ರಕ್ತನಾಳಗಳು ಅಗಲವಾಗಿ ಬಿಸಿ ಅನ್ನಿಸುತ್ತದೆ, ಅಷ್ಟೇ. ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ನೆನೆದು ಬಂದವನಿಗೆ ಒಣ ಪಂಚೆ ಕೊಡಿ, ಬಚ್ಚಲ ಒಲೆ ಮುಂದೆ ಕೂರಿಸಿ. ಬ್ರಾಂಡಿ ಬೇಡ.

ಇಷ್ಟರ ಮೇಲೂ ಇರುವ 30 ಎಂಎಲ್ ಯಾಕೆ ಬಿಟ್ಟಿಲ್ಲ ಅಂದರೆ, ಬಿಡಬೇಕು ಅನ್ನಿಸಿಲ್ಲ. ನಾಳೆ ಡಾಕ್ಟರು ಬೇಡ ಅಂದರೆ ಬಿಡುತ್ತೇನೆ. ಬಿಸಿನೀರು, ಲವಂಗ, ಹಪ್ಪಳ, ಬಯ್ಗುಳ ಹೇಗೂ ಇರುತ್ತವೆ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ವಾರಕ್ಕೊಂದು ಸಲದ ರಮ್ಮಿನ ಬಗ್ಗೆ ಇಷ್ಟು ಜನ ಕೇಳುತ್ತಾರೆ. ಉಳಿದದ್ದರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ನನಗೆ ಈ ಪ್ರಶ್ನೆ ಕೇಳಿದ ಹಿರಿಯರು ಇನ್ಸುಲಿನ್ ತೆಗೆದುಕೊಳ್ಳುವವರು. ಕೈಯಲ್ಲಿ ಮೂರನೇ ಲೋಟ ಬೆಲ್ಲದ ಪಾನಕ. ಆಲೆಮನೆ ಕಾಲ ಬಂದರೆ ನಾವೆಲ್ಲ ಮಕ್ಕಳಾಗುತ್ತೇವೆ. ಗಾಣದಿಂದ ಇಳಿದ ಕಬ್ಬಿನ ಹಾಲು, ಅದಕ್ಕೆ ಶುಂಠಿ, ನಿಂಬೆಹಣ್ಣು, ಜೊತೆಗೆ ಖಾರ ಮಂಡಕ್ಕಿ, ಮಿರ್ಚಿ ಭಜಿ. ಖಾರ ಹೆಚ್ಚಾದರೆ ಹಾಲು, ಸಿಹಿ ಹೆಚ್ಚಾದರೆ ಮಂಡಕ್ಕಿ. ಈ ಚಕ್ರ ನಿಲ್ಲುವುದಿಲ್ಲ. ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಮಿಗೂ ಜಾಸ್ತಿ ಸಕ್ಕರೆ ಇರುತ್ತದೆ. ನಾನೂ ಕುಡಿಯುತ್ತೇನೆ, ವರ್ಷಕ್ಕೆ ಎರಡು ಲೋಟ. ಅಲ್ಲಿಗೂ ಔನ್ಸ್ ಗ್ಲಾಸ್ ತೆಗೆದುಕೊಂಡು ಹೋಗಿ ಅಂತ ಹೆಂಡತಿ ಹೇಳಿದ್ದಾಳೆ. ಅಷ್ಟು ಮಾನ ಕಳೆದುಕೊಳ್ಳಲು ನಾನು ತಯಾರಿಲ್ಲ.

ಕಾಫಿಯದ್ದೂ ಅದೇ. ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಐದು ಗಂಟೆಗೆ ಕಾಫಿ ಕುಡಿದು ರಾತ್ರಿ ಹತ್ತಕ್ಕೆ ನಿದ್ದೆ ಬರಲಿಲ್ಲ ಅಂದರೆ ದಿಂಬನ್ನು ಬಯ್ದು ಏನು ಬಂತು? ನಮ್ಮ ಮನೆಯಲ್ಲಿ ಈಗ ಕಾಫಿ ಬೆಳಿಗ್ಗೆ ಮಾತ್ರ. ಸಂಜೆಗೆ ಕಷಾಯ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಪುಡಿಯಲ್ಲಿ ಅದನ್ನೇ ಜಾಸ್ತಿ ಹಾಕಿಸಿಕೊಳ್ಳಿ ಅಂತ ಒಬ್ಬರು ಸಲಹೆ ಕೊಟ್ಟರು. ಕಾಫಿ ನಾಡಿನ ಪಕ್ಕದಲ್ಲಿ ಕೂತು ಚಿಕೋರಿ ಕುಡಿಯುವುದಕ್ಕಿಂತ ಕಷಾಯ ವಾಸಿ.

ಕಷಾಯದ ಪುಡಿ ಮಾತ್ರ ಅಂಗಡಿಯಿಂದ ತರುವುದಿಲ್ಲ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು, ಮೆಂತ್ಯ ಮತ್ತು ಕಾಳುಮೆಣಸು ಅರ್ಧರ್ಧ, ಒಣಶುಂಠಿ ಒಂದು ತುಂಡು, ಏಲಕ್ಕಿ ನಾಲ್ಕೈದು. ಹುರಿಯುವ ಕೆಲಸ ನನ್ನದು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಮೆಂತ್ಯ ಕೆಂಪಾಗಿ ಪರಿಮಳ ಬಂದ ಕೂಡಲೇ ಬಾಣಲೆ ಇಳಿಸಬೇಕು. ಒಂದು ಗಳಿಗೆ ತಡವಾದರೂ ತಿಂಗಳಿಡೀ ಕಹಿ ಕುಡಿಯಬೇಕು. ಹೋದ ತಿಂಗಳು ಮೆಂತ್ಯ ಹುರಿಯುವಾಗ ಭದ್ರಾವತಿ ಆಕಾಶವಾಣಿಯಲ್ಲಿ ಒಂದು ಹಳೆಯ ಹಾಡು ಬಂತು. ಕೈ ನಿಂತಿತು. ಈಗ ಆ ಕಹಿಯನ್ನೇ ಕುಡಿಯುತ್ತಿದ್ದೇವೆ. ಹೆಂಡತಿ ಏನೂ ಅಂದಿಲ್ಲ. ದಿನಾ ಒಂದು ಚೂರು ಬೆಲ್ಲ ಜಾಸ್ತಿ ಹಾಕುತ್ತಾಳೆ, ನನಗೆ ಕಾಣುವ ಹಾಗೆ.

ಗಂಗಾ ಸ್ನಾನ, ತುಂಗಾ ಪಾನ ಅಂತ ಮಾತಿದೆಯಲ್ಲ. ತುಂಗೆಯ ದಡದಲ್ಲೇ ಮನೆ ಮಾಡಿಕೊಂಡಿರುವ ನಾವು ಪಾನದ ವಿಷಯದಲ್ಲಿ ನಾಚಿಕೊಳ್ಳಬೇಕಾಗಿಲ್ಲ ಅಂತ ನಾನು ತಮಾಷೆ ಮಾಡುವುದುಂಟು. ಮಳೆಗಾಲದಲ್ಲಿ ಆ ನೀರು ಕೆಂಪು. ಕುದಿಸಿ ಆರಿಸಿದ್ದನ್ನೇ ಕುಡಿಯುವುದು.

‘ಕುಡಿಯೋದು ಸರಿ, ಉಳಿದ ಹೊತ್ತು ಹೇಗೆ ಹೋಗುತ್ತೆ?’ ಅಂತಲೂ ಕೇಳುತ್ತಾರೆ. ತಿರುಗಾಟ ಕಮ್ಮಿ. ಶಿವಮೊಗ್ಗಕ್ಕೆ ಹೋಗಿ ತಾಳಗುಪ್ಪ ರೈಲು ಹತ್ತಿ, ಅಲ್ಲಿಂದ ಜೋಗ ನೋಡಿ ಬರುವುದು ವರ್ಷಕ್ಕೊಂದು ಸಲ. ಮುಂಚೆ ಹಿರಿಯ ನಾಗರಿಕರಿಗೆ ರೈಲಿನಲ್ಲಿ ರಿಯಾಯಿತಿ ಇತ್ತು, ಗಂಡಸರಿಗೆ 40 ಪರ್ಸೆಂಟು, ಹೆಂಗಸರಿಗೆ 50. 2020ರ ಮಾರ್ಚಿನಲ್ಲಿ ತೆಗೆದರು. ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಸರ್ಕಾರಿ ಬಸ್ಸು ಫ್ರೀ, ಆದರೆ ನಮ್ಮ ರಸ್ತೆಯಲ್ಲಿ ಪ್ರೈವೇಟ್ ಬಸ್ಸುಗಳೇ ಜಾಸ್ತಿ. ಹೀಗಾಗಿ ನಮ್ಮ ದೊಡ್ಡ ಪ್ರವಾಸ ಬಚ್ಚಲ ಒಲೆಯ ತನಕ.

ನಗಬೇಡಿ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಬಟ್ಟೆ ಒಣಗುತ್ತಿಲ್ಲ, ಕರೆಂಟಿಲ್ಲ. ಒಲೆ ಮೇಲೆ ಹಂಡೆ ನೀರು ಗುಂಯ್ ಅನ್ನುತ್ತಿದೆ. ಮುಂದೆ ಎರಡು ಮಣೆ. ಬೇಸಿಗೆಯಲ್ಲಿ ಕೆಮ್ಮಣ್ಣು ಹಚ್ಚಿ ಇಟ್ಟ ಹಲಸಿನ ಬೀಜವನ್ನು ಕೆಂಡದ ಬೂದಿಯಲ್ಲಿ ಹೂತರೆ ಸ್ವಲ್ಪ ಹೊತ್ತಿಗೆ ಟಪ್ ಅಂತ ಸಿಡಿಯುತ್ತದೆ. ಸಿಡಿದದ್ದನ್ನು ಕಡ್ಡಿಯಿಂದ ಎಳೆದು, ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತಾ ಸಿಪ್ಪೆ ತೆಗೆಯಬೇಕು. ಮುರಿದ ಮಣಿಕಟ್ಟಿಗೂ ಆ ಶಾಖ ಹಿತ. ಇಬ್ಬರೂ ಮಾತಾಡುವುದಿಲ್ಲ. ಮಾತಾಡಿದರೂ ಮಳೆ ಸದ್ದಿಗೆ ಕೇಳುವುದಿಲ್ಲ. ಸರ್ವೀಸಿನ 34 ಮಳೆಗಾಲ ನಾನು ಬೇರೆಯವರ ಕೊಟ್ಟಿಗೆಯಲ್ಲಿ ಕಳೆದೆ. ಆಗ ಅವಳು ಒಬ್ಬಳೇ ಇಲ್ಲಿ ಕೂತಿರುತ್ತಿದ್ದಳು ಅನ್ನುವುದು ನನಗೆ ಹೊಳೆದದ್ದು ರಿಟೈರ್ ಆದ ಮೇಲೆ.

ಈಗ ಶ್ರಾವಣ ನಡೆಯುತ್ತಿದೆ. ನಮ್ಮ ಮನೆಯಲ್ಲಿ ಗೌರಿ ಗಣೇಶ ಮುಗಿಯುವ ತನಕ ಮೀನೂ ಇಲ್ಲ, ಶನಿವಾರದ ಡೋಸೂ ಇಲ್ಲ. ಹೀಗಾಗಿ ಈ ವಾರ ಯಾರಾದರೂ ಕೇಳಿದರೆ ‘ಬಿಟ್ಟಿದ್ದೇನೆ’ ಅನ್ನುತ್ತೇನೆ. ಸುಳ್ಳೇನಲ್ಲ. ನಿನ್ನೆ ಪಕ್ಕದ ಮನೆ ಹುಡುಗ ಬಂದಿದ್ದ. ಅವರ ಗಿಡ್ಡ ಹಸುವಿನ ಕರುವಿಗೆ ಜಂತಿನ ಔಷಧಿ ಕುಡಿಸಬೇಕಂತೆ. ‘ಮಾವಾ, ಅಳತೆ ಗ್ಲಾಸ್ ಇದ್ಯಂತಲ್ಲ, ಅತ್ತೆ ಹೇಳಿದ್ರು’ ಅಂದ. ಔನ್ಸ್ ಗ್ಲಾಸ್ ಸೋಪು ಹಾಕಿ ತೊಳೆದು ಕೊಟ್ಟೆ. ಇನ್ನೂ ವಾಪಸ್ ತಂದುಕೊಟ್ಟಿಲ್ಲ. ಅವಸರ ಇಲ್ಲ ಅಂತ ಹೇಳಿ ಕಳಿಸಿದ್ದೇನೆ.